ಪ್ರಶ್ನೋತ್ತರ: ಕೋಡ್ ಯಾರದು, ಯಾವಾಗ ಹಸ್ತಾಂತರಿಸಬೇಕು?

ಪ್ರಶ್ನೆ: ಫ್ರೀಲ್ಯಾನ್ಸ್ ಆಗಿ ಒಂದು ಕಂಪನಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಒಪ್ಪಂದ ಪತ್ರ ಇಲ್ಲ, ಎಲ್ಲವೂ ಇಮೇಲ್‌ನಲ್ಲೇ. ಮುಂಗಡ ಕೊಟ್ಟವರು ಈಗ ‘ದುಡ್ಡು ನಮ್ಮದು, ಕೋಡೂ ನಮ್ಮದೇ’ ಎನ್ನುತ್ತಿದ್ದಾರೆ. ಇದು ಸರಿಯೇ?

ಉತ್ತರ: ದುಡ್ಡು ಕೊಟ್ಟ ಮಾತ್ರಕ್ಕೆ ಹಕ್ಕು ಅವರದಾಗುವುದಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ಸಾಲಿಗೆ ಸೇರುತ್ತದೆ. ನೋಂದಣಿ ಮಾಡಿಸದಿದ್ದರೂ ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. ನೌಕರರು ಕೆಲಸದ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಸೆಕ್ಷನ್ 17ರ ಪ್ರಕಾರ ಮಾಲೀಕರದು. ಸ್ವತಂತ್ರವಾಗಿ ಮಾಡಿಕೊಟ್ಟದ್ದಕ್ಕೆ ಆ ನಿಯಮ ಅನ್ವಯಿಸದು. ಹಕ್ಕು ವರ್ಗವಾಗಬೇಕಾದರೆ ಸೆಕ್ಷನ್ 19ರಂತೆ ಸಹಿ ಮಾಡಿದ ಬರಹ ಬೇಕು. ಅದರಲ್ಲಿ ಅವಧಿ ನಮೂದಿಸದಿದ್ದರೆ ವರ್ಗಾವಣೆ 5 ವರ್ಷಕ್ಕೆ ಮಾತ್ರ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ.

ಹಾಗೆಂದು ಬೀಗಬೇಡಿ. ದುಡ್ಡು ಕೊಟ್ಟವರಿಗೆ ಕನಿಷ್ಠ ಬಳಸುವ ಅನುಮತಿಯಾದರೂ ಇದೆ ಎಂದು ಅವರ ವಕೀಲರು ವಾದಿಸಿಯೇ ತೀರುತ್ತಾರೆ. ಈಗಲೇ ಎರಡು ಪುಟದ ಒಪ್ಪಂದ ಮಾಡಿಕೊಳ್ಳಿ.

ಪ್ರಶ್ನೆ: ಒಪ್ಪಂದದಲ್ಲಿ ಏನೇನು ಇರಬೇಕು? ಕೋಡ್ ಯಾವಾಗ ಕೊಡಬೇಕು?

ಉತ್ತರ: ಎಲ್ಲಕ್ಕಿಂತ ಮುಖ್ಯವಾದ ವಾಕ್ಯ ಇದು: ‘ಅಂತಿಮ ಇನ್‌ವಾಯ್ಸ್‌ನ ಪೂರ್ಣ ಮೊತ್ತ ಜಮೆಯಾದ ಮೇಲಷ್ಟೇ ಅನುಬಂಧದಲ್ಲಿ ಹೆಸರಿಸಿದ ಕೋಡ್‌ನ ಹಕ್ಕು ಕ್ಲೈಂಟ್‌ಗೆ ವರ್ಗವಾಗುತ್ತದೆ.’ ಕ್ಲೈಂಟ್ ಕಳಿಸುವ ಕರಡಿನಲ್ಲಿ ಸಾಮಾನ್ಯವಾಗಿ ‘ಈ ಮೂಲಕ ವರ್ಗಾಯಿಸಲಾಗಿದೆ’ ಎಂದಿರುತ್ತದೆ. ಸಹಿ ಹಾಕಿದಿರೋ, ಇನ್ನೂ ಬರೆಯದ ಕೋಡ್‌ನ ಮೇಲೂ ಅವರು ಹಕ್ಕು ಕೇಳಬಹುದು. ಬಾಕಿ ಹಣಕ್ಕೆ ನಿಮ್ಮ ಕೈಯಲ್ಲಿ ಹಿಡಿತವೇ ಉಳಿಯದು.

ಎರಡನೆಯದು, ಹಳೆಯ ಕೋಡ್. ಲಾಗಿನ್, ಪಿಡಿಎಫ್ ತಯಾರಿ ಮುಂತಾಗಿ ನೀವು ಪ್ರತಿ ಪ್ರಾಜೆಕ್ಟ್‌ಗೂ ಒಯ್ಯುವ ಲೈಬ್ರರಿಗಳು (ಸಿದ್ಧ ಕೋಡ್ ತುಣುಕುಗಳು) ಇರುತ್ತವಲ್ಲ, ಅವನ್ನು ಪ್ರತ್ಯೇಕ ರೆಪೊಸಿಟರಿಯಲ್ಲಿ (ಕೋಡ್ ಹಾಗೂ ಅದರ ಬದಲಾವಣೆಗಳ ಇತಿಹಾಸವಿರುವ ಸಂಗ್ರಹದಲ್ಲಿ) ಇಟ್ಟು, ಪ್ರತಿ ಫೈಲ್‌ನ ತಲೆಯಲ್ಲಿ ನಿಮ್ಮ ಹೆಸರು, ವರ್ಷ, ಲೈಸೆನ್ಸ್ ಹಾಕಿ. ಒಪ್ಪಂದದಲ್ಲಿ ಅವುಗಳ ಪಟ್ಟಿ ಕೊಟ್ಟು, ಕ್ಲೈಂಟ್‌ಗೆ ಬಳಸುವ ಅನುಮತಿ ಮಾತ್ರ, ಮಾಲೀಕತ್ವ ನಿಮ್ಮದೇ ಎಂದು ಬರೆಯಿರಿ. ಈ ಪಟ್ಟಿ ಇಲ್ಲದಿದ್ದರೆ ಮುಂದಿನ ಕ್ಲೈಂಟ್‌ಗೆ ಅದೇ ಲೈಬ್ರರಿ ಬಳಸಿದಾಗ ಹಿಂದಿನವರು ತಕರಾರು ತೆಗೆಯಬಹುದು. ಬೇರೆಯವರು ಬರೆದು ಮುಕ್ತವಾಗಿ ಹಂಚಿದ ಓಪನ್ ಸೋರ್ಸ್ ಭಾಗಗಳನ್ನೂ ಪಟ್ಟಿಗೆ ಸೇರಿಸಿ. ಜಿಪಿಎಲ್ (ಸೇರಿಸಿಕೊಂಡ ಪ್ರೋಗ್ರಾಂ ಅನ್ನು ಹಂಚುವಾಗ ಅದರ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಬೇಕೆಂಬ ಓಪನ್ ಸೋರ್ಸ್ ಲೈಸೆನ್ಸ್) ಕೋಡ್ ಬೆರೆತಿದ್ದರೆ ಮೊದಲೇ ಹೇಳಿ. ನಿಮ್ಮದಲ್ಲದ ಹಕ್ಕನ್ನು ನೀವು ವರ್ಗಾಯಿಸಲಾರಿರಿ.

ಹಣ 30, 40, 30 ಶೇಕಡದ ಕಂತುಗಳಲ್ಲಿ ಬಂದರೆ ಒಳ್ಳೆಯದು. ಕೊನೆಯ ಕಂತಿನವರೆಗೆ ರೆಪೊಸಿಟರಿ ನಿಮ್ಮ ಖಾತೆಯಲ್ಲಿರಲಿ, ಡೆಮೊ ನಿಮ್ಮದೇ ಸರ್ವರ್‌ನಲ್ಲಿ ನಡೆಯಲಿ. ಮೊದಲ ದಿನವೇ ಅವರ ರೆಪೊಸಿಟರಿಗೆ ಪುಶ್ ಮಾಡುತ್ತಾ (ಕೋಡ್ ಕಳಿಸುತ್ತಾ) ಹೋದರೆ ತಡೆಹಿಡಿಯಲು ಏನೂ ಉಳಿಯುವುದಿಲ್ಲ. ಡೆಮೊ ನಿಮ್ಮ ಸರ್ವರ್‌ನಲ್ಲಿದ್ದರೂ ಸರ್ವರ್ ಕಡೆಯ ಕೋಡ್ ಮಾತ್ರ ಮರೆಯಲ್ಲಿರುತ್ತದೆ. ಬ್ರೌಸರ್‌ಗೆ ಹೋದ ಜಾವಾಸ್ಕ್ರಿಪ್ಟ್ ಅನ್ನು ಮಿನಿಫೈ ಮಾಡಿದ್ದರೂ (ಜಾಗ, ಉದ್ದದ ಹೆಸರು ತೆಗೆದು ಕುಗ್ಗಿಸಿದ್ದರೂ) ಬಿಡಿಸಿ ಓದಬಹುದು. ಸೋರ್ಸ್ ಮ್ಯಾಪ್ ಫೈಲ್‌ಗಳನ್ನು (ಕುಗ್ಗಿಸಿದ ಕೋಡನ್ನು ಮೂಲ ಕೋಡ್‌ಗೆ ಹೊಂದಿಸುವ ಫೈಲ್‌ಗಳು) ಡೆಮೊದಲ್ಲಿ ಬಿಟ್ಟಿದ್ದರಂತೂ ಮೂಲ ಕೋಡನ್ನೇ ಕೈಗೆ ಕೊಟ್ಟಂತೆ.

ಹಸ್ತಾಂತರದ ದಿನ ಕೊಡುವ ಕಮಿಟ್‌ಗೆ (ದಾಖಲಾದ ಆವೃತ್ತಿಗೆ) ಟ್ಯಾಗ್ ಎಂಬ ಗುರುತಿನ ಹೆಸರು ಹಾಕಿ, ಅದರ ಹ್ಯಾಶ್ (ಆ ಆವೃತ್ತಿಯನ್ನು ಗುರುತಿಸುವ ಅಕ್ಷರ-ಅಂಕಿಗಳ ಸಾಲು) ಅನ್ನು ಅಂತಿಮ ಇನ್‌ವಾಯ್ಸ್‌ನಲ್ಲೇ ಬರೆಯಿರಿ. ಯಾವ ಆವೃತ್ತಿ ಕೊಟ್ಟಿರಿ ಎಂಬ ಜಗಳ ಅಲ್ಲಿಗೇ ಮುಗಿಯುತ್ತದೆ. ಕೊಡುವ ಮುನ್ನ ಗಿಟ್ (ಕೋಡ್‌ನ ಆವೃತ್ತಿಗಳನ್ನು ದಾಖಲಿಸುವ ಸಾಧನ) ಇತಿಹಾಸದಲ್ಲಿ ನಿಮ್ಮ ಎಪಿಐ ಕೀ (ಬೇರೆ ಸೇವೆಗಳನ್ನು ಬಳಸಲು ಬೇಕಾದ ಗುಪ್ತ ಸಂಕೇತ), ಪಾಸ್‌ವರ್ಡ್ ಉಳಿದಿವೆಯೇ ನೋಡಿ. ಫೈಲ್‌ನಿಂದ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ ಅವು ಹಾಗೇ ಇರುತ್ತವೆ. ಸಿಕ್ಕರೆ ಕೀಯನ್ನೇ ಬದಲಿಸಿ.

ಪ್ರಶ್ನೆ: ಹಣ ಬರದಿದ್ದರೆ ತಾನಾಗಿ ನಿಂತುಹೋಗುವಂತೆ ಕೋಡ್‌ನೊಳಗೆ ಗುಟ್ಟಾಗಿ ಲಾಕ್ ಇಡಬಹುದೇ?

ಉತ್ತರ: ಬೇಡವೇ ಬೇಡ. ಅವರ ಸರ್ವರ್‌ನಲ್ಲಿರುವ ವ್ಯವಸ್ಥೆಯನ್ನು ಅನುಮತಿಯಿಲ್ಲದೆ ಸ್ಥಗಿತಗೊಳಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಸೆಕ್ಷನ್ 43ರಡಿ ಪರಿಹಾರ ಕಟ್ಟಿಕೊಡಬೇಕಾದ ತಪ್ಪಾಗಬಹುದು. ದುರುದ್ದೇಶ ಸಾಬೀತಾದರೆ ಸೆಕ್ಷನ್ 66ರಡಿ 3 ವರ್ಷದವರೆಗೆ ಜೈಲು. ಬಾಕಿ ಕೇಳಬೇಕಾದ ನೀವೇ ಆರೋಪಿಯಾಗುತ್ತೀರಿ. ಅದರ ಬದಲು ಬಹಿರಂಗವಾದ ಲೈಸೆನ್ಸ್ ಕೀ ಇಡಿ. ಅದು ಎಂದು ಮುಗಿಯುತ್ತದೆ, ಎಷ್ಟು ದಿನ ಮೊದಲು ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ, ಮುಗಿದ ಮೇಲೂ ಕ್ಲೈಂಟ್ ತನ್ನ ಡೇಟಾವನ್ನು ಹೇಗೆ ಹೊರತೆಗೆಯಬಹುದು ಎಂಬುದೆಲ್ಲ ಒಪ್ಪಂದದಲ್ಲಿ ಇರಲಿ.