ಸೈಕಲ್ಲಿನ ಹಿಂಚಕ್ರದ ಸ್ಪೋಕ್ ಪದೇ ಪದೇ ಮುರಿಯೋದಕ್ಕೆ
ತೂಕ 90 ಕಿಲೋ, ಓಡಾಟ ಪುಣೆಯ ಕಾತ್ರಜ್ ಘಾಟಿನಲ್ಲಿ, 20 ಸ್ಪೋಕಿನ ಹಿಂಚಕ್ರದಲ್ಲಿ ಮೂರನೇದೂ ಮುರೀತು, ಯಾವ ಚಕ್ರ ಹಾಕಿಸಲಿ ಅಂದಿದ್ದೀರಿ. ಹಿಂದಕ್ಕೆ 32 ಸ್ಪೋಕ್, ಮೂರು ಕ್ರಾಸ್ ಹೆಣಿಗೆ (ಪ್ರತಿ ಸ್ಪೋಕ್ ಬೇರೆ ಮೂರನ್ನು ದಾಟಿ ಹೋಗೋದು), ಡಬಲ್ ವಾಲ್ (ಎರಡು ಪದರದ) ಅಲ್ಯೂಮಿನಿಯಂ ರಿಮ್. ಮುಂದಕ್ಕೆ 28 ಸಾಕು. ನಿಪ್ಪಲ್ (ಸ್ಪೋಕನ್ನು ರಿಮ್ಮಿಗೆ ಬಿಗಿಯೋ ಪುಟ್ಟ ನಟ್) ಮಾತ್ರ ಹಿತ್ತಾಳೆಯದೇ ಇರಲಿ, ಅಲ್ಯೂಮಿನಿಯಂನದು ಮಳೆ ನೀರಿಗೆ ತುಕ್ಕು ಕಚ್ಚಿಕೊಂಡು ತಿರುಗದೇ ಹೋಗಬಹುದು.

ಮುರಿದಿದ್ದು ಹಬ್ (ಚಕ್ರದ ನಡುವಿನ ಭಾಗ) ಹತ್ತಿರ ಸ್ಪೋಕ್ ಬಾಗಿರೋ ಕಡೆಯಲ್ಲಾ, ನೋಡಿ. ಹಾಗಿದ್ರೆ ತಪ್ಪು ಹೆಚ್ಚಾಗಿ ಸಾಲದ ಬಿಗಿತದ್ದು: ಪ್ರತಿ ಸುತ್ತಿಗೂ ಸಡಿಲಾಗಿ, ಮತ್ತೆ ಎಳೆದು, ಲೋಹ ದಣಿಯುತ್ತೆ. ಹೊಸ ಚಕ್ರಕ್ಕೆ ಚೈನ್ ಬದಿಯ ಸ್ಪೋಕಿನ ಬಿಗಿತ 110–120 ಕೆಜಿ ಇರಲಿ, ರಿಮ್ಮಿನ ಮಿತಿಯೊಳಗೆ. ಬೆರಳಲ್ಲಿ ಮೀಟಿ ‘ಸರಿ ಇದೆ’ ಅಂದ್ರೆ ಒಪ್ಪಬೇಡಿ, ಬಿಗಿತ ಅಳೆಯೋ ಟೆನ್ಶನ್ ಮೀಟರ್ ಇಡಿಸಿ.

ದುಡ್ಡು ಕೊಡೋ ಮೊದಲು ಹಬ್ಬಿನ ಅಗಲ ಅಳೆಯಿರಿ: ರೋಡ್ ಬೈಕಿನಲ್ಲಿ ರಿಮ್ ಬ್ರೇಕಾದರೆ ಸಾಮಾನ್ಯವಾಗಿ 130 ಮಿ.ಮೀ., ಡಿಸ್ಕ್ ಬ್ರೇಕಿನ ಥ್ರೂ ಆಕ್ಸಲ್‌ಗೆ (ಫ್ರೇಮಿನ ಮೂಲಕ ಹಾಯೋ ದಪ್ಪ ಅಚ್ಚು) 142.