ಹೈಬ್ರಿಡ್ ಸೈಕಲ್‌ಗೆ ಡ್ರಾಪ್ ಹ್ಯಾಂಡಲ್ ಹಾಕಿಸಿದರೆ ಹಳೇ ಬ್ರೇಕ್ ಲಿವರ್ ನಡೆಯುತ್ತಾ?

ನಡೆಯುವುದಿಲ್ಲ. ನಂದಿ ಬೆಟ್ಟ ಹತ್ತಿಳಿಯುವಾಗ ಅಂಗೈ ಜೋಮು ಹಿಡಿಯುತ್ತದೆ, ಅದಕ್ಕೇ ವಿ-ಬ್ರೇಕ್ ಇರುವ ಹೈಬ್ರಿಡ್‌ಗೆ, ಅಂದರೆ ನೇರ ಹ್ಯಾಂಡಲ್ಲಿನ ಸೈಕಲ್‌ಗೆ, ರೋಡ್ ಬೈಕಿನ (ರೇಸಿಂಗ್ ಸೈಕಲ್ಲಿನ) ಹಾಗೆ ಕೆಳಕ್ಕೆ ಬಾಗಿದ ಡ್ರಾಪ್ ಹ್ಯಾಂಡಲ್ ಹಾಕಿಸೋಣ ಅಂತಿದ್ದೀರಿ. ನಾನಾಗಿದ್ದರೆ ಹಾಕಿಸುತ್ತಿರಲಿಲ್ಲ.

ನೇರ ಹ್ಯಾಂಡಲ್‌ನಲ್ಲಿ ಲಿವರ್ ಕೂರುವ ಜಾಗದ ದಪ್ಪ 22.2 ಮಿ.ಮೀ. ಡ್ರಾಪ್ ಹ್ಯಾಂಡಲ್‌ನಲ್ಲಿ 23.8. ಒಂದೂವರೆ ಮಿಲಿಮೀಟರ್ ತಾನೇ ಅನ್ನಿಸಬಹುದು, ಆದರೆ ಲಿವರನ್ನು ಬಿಗಿಯುವ ಕ್ಲಾಂಪಿನೊಳಗೆ ಆ ಹ್ಯಾಂಡಲ್ ಹೋಗುವುದೇ ಇಲ್ಲ. ಗೇರ್ ಶಿಫ್ಟರ್ ಕಥೆಯೂ ಇಷ್ಟೇ.

ಹೊಸ ರೋಡ್ ಲಿವರ್ ತಂದರೂ ತಲೆನೋವು ಮುಗಿಯುವುದಿಲ್ಲ. ವಿ-ಬ್ರೇಕ್ ಅಂದರೆ ಎರಡು ತೋಳು ರಿಮ್ಮನ್ನು ಎರಡೂ ಕಡೆಯಿಂದ ಒತ್ತುವ ಬ್ರೇಕ್, ಅದರ ತೋಳು ಉದ್ದ. ಪ್ಯಾಡ್ ರಿಮ್ ಮುಟ್ಟಬೇಕಾದರೆ ಲಿವರ್ ಜಾಸ್ತಿ ವೈರ್ ಎಳೆಯಬೇಕು. ಸಾಮಾನ್ಯ ರೋಡ್ ಲಿವರ್ ಹೆಚ್ಚುಕಡಿಮೆ ಅದರ ಅರ್ಧ ಎಳೆಯುತ್ತದೆ. ಮೆಕ್ಯಾನಿಕ್ ಪ್ಯಾಡನ್ನು ರಿಮ್‌ಗೆ ತಾಗಿಯೂ ತಾಗದ ಹಾಗೆ ಕೂರಿಸಿ ‘ಆಯ್ತು ಸರ್’ ಅನ್ನಬಹುದು. ರಿಮ್ ಚೂರು ಸೊಟ್ಟಗಾದರೆ ಉಜ್ಜಲು ಶುರು. ಸಡಿಲ ಮಾಡಿದಿರೋ, ಲಿವರ್ ಹ್ಯಾಂಡಲ್‌ಗೆ ಬಡಿದರೂ ಸೈಕಲ್ ನಿಲ್ಲುವುದಿಲ್ಲ. ಅದೂ ಬೆಟ್ಟದ ಇಳಿಜಾರಿನಲ್ಲಿ!

ವಿ-ಬ್ರೇಕಿಗೆಂದೇ ಮಾಡಿದ ಡ್ರಾಪ್ ಲಿವರ್ ಇದೆ, ಟೆಕ್ಟ್ರೋ ಆರ್‌ಎಲ್ 520. ಆದರೆ ಅದರಲ್ಲಿ ಗೇರ್ ಇಲ್ಲ, ಶಿಫ್ಟರ್ ಬೇರೆ ತರಬೇಕು. ಹೈಬ್ರಿಡ್ ಫ್ರೇಮು ಸ್ವಲ್ಪ ಉದ್ದ ಬೇರೆ, ಡ್ರಾಪ್ ಹಾಕಿದರೆ ಕೈ ಇನ್ನೂ ಮುಂದಕ್ಕೆ ಹೋಗುತ್ತದೆ. ಹ್ಯಾಂಡಲನ್ನು ಫ್ರೇಮಿನ ಕಡೆಗೆ ಜೋಡಿಸುವ ಸ್ಟೆಮ್ ಗಿಡ್ಡದ್ದು ಹಾಕಬೇಕು. ಇಷ್ಟೆಲ್ಲ ಖರ್ಚು ಮಾಡುವ ಬದಲು ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ ನೋಡುವುದೇ ವಾಸಿ.

ನಿಮ್ಮ ನಿಜವಾದ ತೊಂದರೆ ಅಂಗೈ ಅಲ್ವಾ? ಹಾಗಾದರೆ ಮೊದಲು ಲಿವರ್ ಕಡೆ ನೋಡಿ. ಎಷ್ಟೋ ಸೈಕಲ್‌ಗಳಲ್ಲಿ ಅದು ನೆಲಕ್ಕೆ ಸಮಾನಾಂತರವಾಗಿ ಮುಂದಕ್ಕೆ ಚಾಚಿಕೊಂಡಿರುತ್ತದೆ. ಬೆರಳಿಡಲು ಹೋದರೆ ಮಣಿಕಟ್ಟು ಹಿಂದಕ್ಕೆ ಮಡಚುತ್ತದೆ, ಭಾರವೆಲ್ಲ ಅಂಗೈ ಬುಡದ ಮೇಲೆ. ಗೋಡೆಗೆ ಒರಗಿ ಸೀಟಿನ ಮೇಲೆ ಕೂತು, ಅಲೆನ್ ಕೀಯಿಂದ ಕ್ಲಾಂಪ್ ಸಡಿಲಿಸಿ, ಮುಂಗೈ ಮತ್ತು ಬೆರಳು ಒಂದೇ ಗೆರೆಗೆ ಬರುವಷ್ಟು ಲಿವರ್ ಕೆಳಕ್ಕೆ ತಿರುಗಿಸಿ. ಹಾಗೇ ಒಳಕ್ಕೆ ಸರಿಸಿ. ತೋರುಬೆರಳು, ನಡುಬೆರಳು ಲಿವರಿನ ತುದಿ ಭಾಗಕ್ಕೆ ಕೂರಬೇಕು, ಆಗ ಕಡಿಮೆ ಬಲಕ್ಕೇ ಬ್ರೇಕ್ ಹಿಡಿಯುತ್ತದೆ. ಕೈ ಚಿಕ್ಕದಾದರೆ ಲಿವರಿನ ಬುಡದಲ್ಲಿ ಪುಟ್ಟ ಸ್ಕ್ರೂ ಇದೆಯಾ ನೋಡಿ. ಅದನ್ನು ಬಿಗಿದರೆ ಲಿವರ್ ಹತ್ತಿರ ಬರುತ್ತದೆ. ಆಮೇಲೆ ವೈರ್ ಇನ್ನೊಮ್ಮೆ ಸರಿಮಾಡಿಕೊಳ್ಳಿ.

ಬೇರೆ ಬೇರೆ ಹಿಡಿತ ಬೇಕೆಂದರೆ ಹ್ಯಾಂಡಲ್ ತುದಿಗೆ ಬಾರ್-ಎಂಡ್ (ಮುಂದಕ್ಕೆ ಚಾಚುವ ಪುಟ್ಟ ಕೊಂಬಿನಂಥ ಹಿಡಿ) ಹಾಕಿಸಿ, ಏರಿನಲ್ಲಿ ಎದ್ದು ತುಳಿಯುವಾಗ ತುಂಬಾ ಚೆನ್ನಾಗಿರುತ್ತದೆ. ಇಳಿಯುವಾಗ ಮಾತ್ರ ಅಲ್ಲಿ ಕೈ ಇಡಬೇಡಿ, ಬ್ರೇಕ್ ಸಿಗುವುದಿಲ್ಲ. ಹ್ಯಾಂಡಲ್ ಅಗಲ ಜಾಸ್ತಿ ಅನ್ನಿಸಿದರೆ ತಕ್ಷಣ ಕತ್ತರಿಸಬೇಡಿ. ಗ್ರಿಪ್ಪು, ಲಿವರು ಎಲ್ಲ ಒಳಕ್ಕೆ ಸರಿಸಿ ಒಂದು ವಾರ ಓಡಿಸಿ ನೋಡಿ. ಸರಿ ಅನ್ನಿಸಿದರೆ ಎರಡೂ ಕಡೆ ಒಂದೊಂದು ಸೆಂಟಿಮೀಟರ್ ತೆಗೆಸಿ.

ವೈರ್ ಬದಲಿಸುವುದಿದ್ದರೆ ಮುಂದಿನ ಬ್ರೇಕ್ ಬಲಗೈಗೇ ಬರಲಿ, ನಮ್ಮ ಸ್ಕೂಟರಿನ ಹಾಗೆ. ಗಾಬರಿಯಾದಾಗ ಕೈ ಅಭ್ಯಾಸದ ಕಡೆಗೇ ಹೋಗುತ್ತದೆ. ಲಿವರ್ ಕ್ಲಾಂಪನ್ನೂ ಸುಮ್ನೆ ಮೈಬಲ ಹಾಕಿ ಬಿಗಿಯಬೇಡಿ. ಬ್ರೇಕ್ ಹಿಡಿದಾಗ ಅಲುಗಬಾರದು, ಬಿದ್ದಾಗ ಮುರಿಯುವ ಬದಲು ತಿರುಗಬೇಕು, ಅಷ್ಟು ಬಿಗಿ ಸಾಕು.