ಅಪ್ಪ ಮಾತು ಬಿಡುತ್ತಿದ್ದ ಮನೆ, ಉತ್ತರ ಬಾರದ ಮೆಸೇಜು

ಪ್ರಶ್ನೆ: ನನಗೆ 24 ವರ್ಷ. ಊರು ತೀರ್ಥಹಳ್ಳಿ ಹತ್ತಿರ, ಕೆಲಸ ಶಿವಮೊಗ್ಗದಲ್ಲಿ. ಅಪ್ಪನಿಗೆ ಸಿಟ್ಟು ಬಂದರೆ ಬೈಯುತ್ತಿರಲಿಲ್ಲ, ವಾರಗಟ್ಟಲೆ ಮಾತು ಬಿಡುತ್ತಿದ್ದರು. ಆಮೇಲೆ ಒಂದು ಬೆಳಿಗ್ಗೆ "ಅಡಿಕೆ ಸುಲಿಯೋರಿಗೆ ಕಾಫಿ ಕೊಟ್ಟಾಯ್ತಾ?" ಅಂತ ಏನೂ ಆಗದವರ ಹಾಗೆ ಶುರು ಮಾಡುತ್ತಿದ್ದರು. ಈಗ ನಾನು ಪ್ರೀತಿಸುವ ಹುಡುಗ ನಿಟ್ಟೂರಿನ ತನ್ನ ಮನೆಗೆ ಹೋದಾಗ ಮೆಸೇಜಿಗೆ ಉತ್ತರ ಬರದಿದ್ದರೆ ಕೈಕಾಲು ತಣ್ಣಗಾಗುತ್ತದೆ. ಮೇಲಿಂದ ಮೇಲೆ ಕಾಲ್ ಮಾಡುತ್ತೇನೆ, ಆಮೇಲೆ ಜಗಳ. ಆನ್‌ಲೈನ್ ಟೆಸ್ಟಿನಲ್ಲಿ ‘ಆಂಕ್ಷಿಯಸ್ ಅಟ್ಯಾಚ್‌ಮೆಂಟ್’ (ಹತ್ತಿರದವರು ಎಲ್ಲಿ ಕೈಬಿಡುತ್ತಾರೋ ಎಂಬ ಆತಂಕ) ಅಂತ ಬಂತು. ಅಪ್ಪನಿಂದ ನನ್ನ ಬದುಕು ಹಾಳಾಯಿತಾ?

ಉತ್ತರ: ಹಾಳಾಗಿಲ್ಲ. ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತಿದೆ, ಪ್ರತಿ ಸಲವೂ ಜೊತೆಗೊಂದು ಟೆಸ್ಟಿನ ಸ್ಕ್ರೀನ್‌ಶಾಟ್. ದಯವಿಟ್ಟು ಕಳಿಸಬೇಡಿ. ಮನಃಶಾಸ್ತ್ರಜ್ಞರಾದ ಸಿಂಡಿ ಹಜಾನ್ ಮತ್ತು ಫಿಲಿಪ್ ಶೇವರ್ 1987ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಅಮೆರಿಕದ ದಿನಪತ್ರಿಕೆಯೊಂದರ ಓದುಗರಿಗೆ ಪ್ರೀತಿಯಲ್ಲಿ ಜನ ಹೇಗಿರುತ್ತಾರೆ ಎಂಬ ಮೂರು ವಿವರಣೆ ಕೊಟ್ಟು, ನಿಮಗೆ ಹೊಂದುವುದು ಯಾವುದು ಎಂದು ಕೇಳಿದ್ದರು. ನಿಮ್ಮ ಮೊಬೈಲಿನ ಟೆಸ್ಟುಗಳೆಲ್ಲ ಅದರ ಸಂತಾನ. ಅಲ್ಲಿ ಸುಮಾರು ಐದರಲ್ಲಿ ಒಬ್ಬರು ನಿಮ್ಮ ಹಾಗೆ, ಎಲ್ಲಿ ಕೈಬಿಡುತ್ತಾರೋ ಎಂಬ ಆತಂಕದವರೇ ಇದ್ದರು. ಜನಸಮೂಹದ ಸ್ವಭಾವ ತಿಳಿಯಲು ಮಾಡಿದ್ದನ್ನು ರಕ್ತಪರೀಕ್ಷೆಯ ರಿಪೋರ್ಟಿನಂತೆ ಹಿಡಿದುಕೊಂಡು ಕೂರಬೇಡಿ.

ಈಗ ಅಪ್ಪನ ವಿಷಯ. ಮನಃಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಒಂದು ವರ್ಷದ ಆಸುಪಾಸಿನ ಮಕ್ಕಳನ್ನು ತಾಯಿಯಿಂದ ಕೆಲವೇ ನಿಮಿಷ ದೂರ ಇಟ್ಟು ಗಮನಿಸಿದರು. ತಾಯಿ ಎದ್ದು ಹೋದಾಗ ಮಗು ಅತ್ತಿತೋ ಇಲ್ಲವೋ ಎಂಬುದಕ್ಕಿಂತ, ಅವಳು ತಿರುಗಿ ಬಂದಾಗ ಸಮಾಧಾನವಾಯಿತೇ ಎಂಬುದನ್ನು ಅವರು ಮುಖ್ಯವಾಗಿ ನೋಡಿದರು. ಕೆಲವು ಮಕ್ಕಳು ಎತ್ತಿಕೊಂಡ ಕೂಡಲೇ ಸುಮ್ಮನಾದವು. ಕೆಲವು ಮುಖ ತಿರುಗಿಸಿದವು. ಇನ್ನು ಕೆಲವು ಅಂಟಿಕೊಂಡೇ ಸಿಟ್ಟಿನಿಂದ ತಳ್ಳಿದವು, ಎಷ್ಟು ರಮಿಸಿದರೂ ಅಳು ನಿಲ್ಲಲಿಲ್ಲ.

ನಿಮ್ಮ ಮನೆಯಲ್ಲಿ ತಪ್ಪಿಹೋದದ್ದೂ ಈ ತಿರುಗಿ ಬರುವಿಕೆಯೇ. ಅಪ್ಪ ಮಾತು ಶುರು ಮಾಡಿದರು ನಿಜ. ಆದರೆ ಏಕೆ ಬಿಟ್ಟಿದ್ದರು, ಈಗ ಸಿಟ್ಟು ಇಳಿಯಿತೇ, ನಿಮ್ಮದೇನು ತಪ್ಪು, ಯಾರೂ ಹೇಳಲಿಲ್ಲ. ಕಾಫಿಯ ಮಾತಿನಲ್ಲಿ ಎಲ್ಲ ಮುಚ್ಚಿಹೋಯಿತು. ಹಾಗಾಗಿ ಮೌನ ಎಂದರೆ ಶಿಕ್ಷೆ, ಅದು ಮುಗಿಯುವುದು ನಮ್ಮ ಕೈಯಲ್ಲಿಲ್ಲ ಎಂದು ನೀವು ಕಲಿತಿರಿ. ನಿಟ್ಟೂರಿನಲ್ಲಿ ಜೋರು ಮಳೆ ಹೊಡೆದರೆ ಕರೆಂಟು ಹೋಗುತ್ತದೆ, ಹಿಂದೆಯೇ ನೆಟ್‌ವರ್ಕು ಹೋಗುತ್ತದೆ ಎಂದು ಮಲೆನಾಡಿನವರಾದ ನಿಮಗೆ ಗೊತ್ತು. ನಿಮ್ಮ ಎದೆಗೆ ಗೊತ್ತಿಲ್ಲ.

ನಿಮ್ಮ ಹುಡುಗ ಶಿವಮೊಗ್ಗದಲ್ಲಿದ್ದಾಗ, ಜಗಳ ಇಲ್ಲದ ದಿನ, ಎದುರು ಕೂತು ಅಪ್ಪನ ಕಥೆ ಹೇಳಿ. ಊರಿಗೆ ಹೊರಡುವ ಮುಂಚೆ ಯಾವಾಗ ಸಿಗ್ನಲ್ ಸಿಗಬಹುದು ಎಂದು ಕೇಳಿಟ್ಟುಕೊಳ್ಳಿ. ಉತ್ತರ ಬಾರದಿದ್ದರೆ ಒಂದು ಕಾಲ್ ಮಾಡಿ, ಸಾಕು. ಮತ್ತೆ ಸಿಕ್ಕಾಗ "ಎಲ್ಲಿ ಹಾಳಾಗಿ ಹೋಗಿದ್ದೆ?" ಎನ್ನುವ ಬದಲು "ನಂಗೆ ಹೆದರಿಕೆ ಆಯ್ತು" ಅನ್ನಿ. ಮೊದಮೊದಲು ನಾಲಿಗೆ ಹೊರಳುವುದಿಲ್ಲ. ಆ ಮಾತಿಗೆ ಅವನು ಕಿವಿಗೊಟ್ಟರೆ, ನಿಮ್ಮ ಮನೆಯಲ್ಲಿ ಆಗದಿದ್ದದ್ದು ಇಲ್ಲಿ ಆಗುತ್ತದೆ. ಹೀಗೆ ಮತ್ತೆ ಮತ್ತೆ ಆದಂತೆ ಹಳೆಯ ಭಯ ಸಡಿಲವಾಗುವುದನ್ನು ನಾನು ಕಂಡಿದ್ದೇನೆ. ಅಮೆರಿಕದ ಮಿನೆಸೋಟದಲ್ಲಿ 1970ರ ದಶಕದಲ್ಲಿ ಹುಟ್ಟಿದ ಮಕ್ಕಳನ್ನು ಇಪ್ಪತ್ತು ದಾಟುವವರೆಗೂ ಹಿಂಬಾಲಿಸಿದವರು ಶೈಶವಕ್ಕೂ ಯೌವನದ ಪ್ರೀತಿಗೂ ನಂಟು ಕಂಡರು. ಆದರೆ ಅದು ನೇರ ನಂಟಲ್ಲ. ನಡುವೆ ಶಾಲೆಯ ಒಡನಾಟ, ಹದಿಹರೆಯದ ಗೆಳೆತನ ಬಂದವು. ಅಪ್ಪ ಒಬ್ಬರೇ ನಿಮ್ಮನ್ನು ರೂಪಿಸಿಲ್ಲ.

ಆದರೆ ಸಿಗ್ನಲ್ ಇದ್ದೂ, ನಿಮಗೆ ನೋವಾಗಲಿ ಎಂದೇ ಅವನು ಮಾತು ಬಿಡುವವನಾದರೆ ಮದುವೆಯ ಮಾತು ಎತ್ತಬೇಡಿ. ಈ ವಿಷಯದಲ್ಲಿ ನಾನು ತುಸು ಹೆಚ್ಚೇ ಹುಷಾರು. ಮೌನದಿಂದ ಹೊಡೆಯುವವರ ಜೊತೆ ಬಾಳಿ ಸೋತು ಬಂದವರನ್ನು ತುಂಬಾ ನೋಡಿದ್ದೇನೆ.

ಇನ್ನು ಹೋಂಸ್ಟೇಗಳಲ್ಲಿ ಎರಡು ದಿನ ಕೂರಿಸಿ, ಅಪ್ಪ ಅಮ್ಮನನ್ನು ಬೈಯಿಸಿ, ಅಳಿಸಿ, ಸಾವಿರಗಟ್ಟಲೆ ಕೀಳುವ ‘ಇನ್ನರ್ ಚೈಲ್ಡ್’ (ನಮ್ಮೊಳಗೆ ಉಳಿದ ಮಗು) ಶಿಬಿರಗಳು. ಗಾಯ ಕೆದರುವುದು ಸುಲಭ. ಸೋಮವಾರ ಅದನ್ನು ನೋಡಿಕೊಳ್ಳಲು ಅವರು ಇರುವುದಿಲ್ಲ. ಹೋಗಬೇಡಿ.

ಪ್ರಶ್ನೆ: 27ರ ಮಗ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಮದುವೆ ಮಾಡಿದರೆ ಸರಿಹೋಗುತ್ತಾನಾ?

ಉತ್ತರ: ಇಲ್ಲ. ಬರುವ ಹುಡುಗಿ ಔಷಧಿಯಲ್ಲ.

ಪ್ರಶ್ನೆ: ಅಜ್ಜಿಮನೆಯಲ್ಲಿ ಬೆಳೆದೆ. ಅದಕ್ಕೇ ನನ್ನ ಪ್ರೀತಿ ನಿಲ್ಲುತ್ತಿಲ್ಲವಾ?

ಉತ್ತರ: ಅಜ್ಜಿ ಅಕ್ಕರೆಯಿಂದ ನೋಡಿಕೊಂಡಿದ್ದರೆ ಅವರನ್ನು ದೂರಬೇಡಿ. ಕಾರಣ ಬೇರೆ ಕಡೆ ಹುಡುಕಿ.

ಪ್ರಶ್ನೆ: ಅವನು ನನ್ನ ಫೋನಿನ ಪಾಸ್‌ವರ್ಡ್ ಕೇಳುತ್ತಾನೆ. ಬಾಲ್ಯದ ಗಾಯ ಅನ್ನುತ್ತಾನೆ.

ಉತ್ತರ: ಗಾಯ ಇರಬಹುದು. ಪಾಸ್‌ವರ್ಡ್ ಕೊಡಬೇಡಿ.

ಪ್ರಶ್ನೆ: ಬಸ್‌ಸ್ಟ್ಯಾಂಡಿನ ಪೋಸ್ಟರ್ ನೋಡಿ ವಶೀಕರಣಕ್ಕೆ ಮುಂಗಡ ಕೊಟ್ಟಿದ್ದೇನೆ.

ಉತ್ತರ: ಇನ್ನೊಂದು ರೂಪಾಯಿ ಕೊಡಬೇಡಿ. ಹುಡುಗಿಯ ಫೋಟೋ ಕೊಟ್ಟಿದ್ದರೆ, ಬೆದರಿಸುವ ಮೊದಲೇ ಪೊಲೀಸರಿಗೆ ತಿಳಿಸಿ.

ಪ್ರಶ್ನೆ: ಜಗಳ ಆದ ರಾತ್ರಿ ಸತ್ತುಹೋಗಬೇಕು ಅನ್ನಿಸುತ್ತದೆ.

ಉತ್ತರ: ನನ್ನ ಉತ್ತರಕ್ಕೆ ಕಾಯುವ ವಿಷಯವಲ್ಲ ಇದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕಾಲ್ ಮಾಡಿ, 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ರೂಮಿನಲ್ಲಿ ಒಬ್ಬರೇ ಇರಬೇಡಿ, ಪಕ್ಕದವರನ್ನು ಎಬ್ಬಿಸಿ. ಬೆಳಗಾದ ಮೇಲೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ಮನೋವೈದ್ಯರ ಹತ್ತಿರ ಹೋಗಿ.